ಅರ್ಧ ಅಡಿ ಹೆಚ್ಚಾದ ರೋಟವೇಟರ್: ಮೂರು ವರ್ಷ ಬಳಸಿದ ಮೇಲೆ

ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟಕ್ಕೆ 22 ಎಚ್‌ಪಿ ಮಿನಿ ಟ್ರ್ಯಾಕ್ಟರ್ ತಂದಾಗ, ಅದರ ಜೊತೆಗೇ, ಹಿಂದೆ ಜೋಡಿಸಿ ಮಣ್ಣು ಪುಡಿಮಾಡುವ 4 ಅಡಿಯ ರೋಟವೇಟರನ್ನೂ ಕೊಂಡೆ. ಮೂರೂವರೆ ಅಡಿಯದಕ್ಕೂ ಇದಕ್ಕೂ ಬೆಲೆಯಲ್ಲಿ ಹೆಚ್ಚಿನ ಅಂತರವಿರಲಿಲ್ಲ. ಅಗಲವಿದ್ದಷ್ಟೂ ಕೆಲಸ ಬೇಗ ಸಾಗುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿದೆ.

ಆ ನಾಲ್ಕು ಅಡಿ ಎಂಬುದು ಬ್ಲೇಡುಗಳು ಮಣ್ಣು ಕತ್ತರಿಸುವ ಅಗಲವಷ್ಟೇ ಎಂಬುದನ್ನು ಯಾರೂ ಹೇಳಲಿಲ್ಲ. ನನ್ನ ಯಂತ್ರದ ಎಡಬದಿಯ ಗೇರ್ ಪೆಟ್ಟಿಗೆ ಅದರಾಚೆಗೆ ಐದು ಇಂಚು ಚಾಚಿಕೊಂಡಿದೆ. ಮೊದಲ ವರ್ಷ ಸಾಲಿನ ಕೊನೆಯಲ್ಲಿ ಯಂತ್ರವನ್ನೆತ್ತಿ ತಿರುಗಿಸುವಾಗ ಆ ಐದು ಇಂಚೇ ಫಸಲಿಗೆ ಬಂದಿದ್ದ ಮರವೊಂದರ ಬುಡಕ್ಕೆ ತಗುಲಿ ಅಂಗೈಯಗಲ ಸಿಪ್ಪೆ ಎಬ್ಬಿಸಿತು. ಆ ಗಾಯ ಇಂದಿಗೂ ಕಾಣುತ್ತದೆ.

ಟೇಪು ಹಿಡಿದದ್ದು ಆಮೇಲೆ. ಸಾಲಿನಿಂದ ಸಾಲಿಗೆ 9 ಅಡಿ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಒತ್ತಾಗಿ ಹರಡುವುದರಿಂದ ಎರಡೂ ಕಡೆ ಒಂದೂವರೆ ಅಡಿ ಬಿಟ್ಟರೆ ಉಳಿಯುವುದು 6 ಅಡಿ. ನಾಲ್ಕು ಅಡಿಯದು ಇದ್ದರೂ ಎರಡು ಸಲ ಓಡಿಸಲೇಬೇಕು, ನಡುವಿನ ಎರಡು ಅಡಿ ಮಣ್ಣು ಸುಮ್ಮನೆ ಎರಡು ಬಾರಿ ಪುಡಿಯಾಗುತ್ತದೆ, ಹಸಿ ನೆಲದಲ್ಲಿ ಎಂಜಿನ್ ಕಪ್ಪು ಹೊಗೆ ಕಾರುತ್ತದೆ. ಹಾಗೆಂದು ಮೂರು ಅಡಿಯದೂ ಹೊಂದುವುದಿಲ್ಲ: ನನ್ನ ಟ್ರ್ಯಾಕ್ಟರಿನ ಹಿಂದಿನ ಟಯರುಗಳ ಹೊರ ಅಂಚಿನ ಅಳತೆ 3 ಅಡಿ 3 ಇಂಚು ಇರುವುದರಿಂದ ಟಯರು ತುಳಿದ ಗುರುತು ಹಾಗೇ ಉಳಿಯುತ್ತದೆ. ಬೇಕಿದ್ದದ್ದು ಮೂರೂವರೆ ಅಡಿಯದೇ.

ಬದಲಿಸಲು ಕೈಯಲ್ಲಿ ಹಣವಿರಲಿಲ್ಲವಾದ್ದರಿಂದ ಓಡಿಸುವ ಕ್ರಮವನ್ನೇ ಬದಲಿಸಿದೆ. ಹೋಗುವಾಗಲೂ ಬರುವಾಗಲೂ ಬಲಗಡೆಯ ಸಾಲಿಗೆ ಹತ್ತಿರವಾಗಿ ನಡೆಸಿದರೆ ಗೇರ್ ಪೆಟ್ಟಿಗೆ ಯಾವಾಗಲೂ ನಡುಜಾಗದ ಕಡೆಗೇ ಇರುತ್ತದೆ. ಅಂದಿನಿಂದ ಒಂದು ಮರಕ್ಕೂ ತಗುಲಿಲ್ಲ.

ಯಂತ್ರದ ಗಟ್ಟಿತನದ ಬಗ್ಗೆ ದೂರಿಲ್ಲ. ಸಂಜೆ ಎಂಜಿನ್ ಆರಿಸಿ, ಯಂತ್ರದ ಕೆಳಗೆ ಮರದ ದಿಮ್ಮಿ ಕೊಟ್ಟು, ಬ್ಲೇಡುಗಳನ್ನು ತಿರುಗಿಸುವ ರೋಟರಿಗೆ ಸುತ್ತಿಕೊಂಡ ಹುಲ್ಲು, ಅಡಿಕೆ ಹಾಳೆಯ ನಾರು, ಕೆಲವೊಮ್ಮೆ ಡ್ರಿಪ್ ಪೈಪಿನ ತುಂಡನ್ನೂ ಕುಡುಗೋಲಿನಿಂದ ಕೊಯ್ದು ತೆಗೆಯುವುದು, ಬಳಿಕ ಒಂದೊಂದೇ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡುವುದು ನನಗೆ ಇಷ್ಟದ ಕೆಲಸ. ಪಕ್ಕದ ಮೆಕ್ಕೆಜೋಳದ ಹೊಲದಲ್ಲಂತೂ, ಒಣ ಹದವಿದ್ದಾಗ, ಇದೇ ನಾಲ್ಕು ಅಡಿ ನನಗೆ ಹೆಚ್ಚೆನಿಸಿಲ್ಲ.