ಬೆಂಗಳೂರು–ಮಂಗಳೂರು ವಿಮಾನ: ‘ಮುಕ್ಕಾಲು ಗಂಟೆ’ ಎಂಬ ಮಾತನ್ನು ಮಳೆಗಾಲದಲ್ಲಿ ನಂಬಬೇಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದಿನಗಳಲ್ಲಿ ತುರ್ತಾಗಿ ಕರಾವಳಿಗೆ ಹೋಗಬೇಕಾದವರು ದಯವಿಟ್ಟು ಇದನ್ನು ಓದಿ.

ಕಳೆದ ಜುಲೈಯಲ್ಲಿ ಪುತ್ತೂರಿನ ನನ್ನ ಸೋದರಮಾವ ತೀರಿಕೊಂಡರು. ಸುದ್ದಿ ಬಂದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಮನೆ ಮುಂದೆ ಕಾರು ಸಿದ್ಧವಿತ್ತು. ಟ್ರಾವೆಲ್ ಏಜೆಂಟರು ಮಾತ್ರ, “ವಯಸ್ಸಾದ ಅಮ್ಮನನ್ನು ಘಾಟಿಯಲ್ಲಿ ಯಾಕೆ ದಣಿಸುತ್ತೀರಿ? ಆಕಾಶಮಾರ್ಗದಲ್ಲಿ 300 ಕಿಲೋಮೀಟರು, ಮುಕ್ಕಾಲು ಗಂಟೆ. ಮಧ್ಯಾಹ್ನದೊಳಗೆ ಮನೆಯಲ್ಲಿರುತ್ತೀರಿ” ಎಂದು ಭರವಸೆ ಕೊಟ್ಟು ಟಿಕೆಟ್ ಮಾಡಿಸಿದರು. ಅತ್ತ ಮಾವನ ಮಗ, “ಅತ್ತೆ ಬರುವವರೆಗೆ ಎತ್ತುವುದಿಲ್ಲ” ಎಂದು ಎಲ್ಲರನ್ನೂ ನಿಲ್ಲಿಸಿಕೊಂಡಿದ್ದ.

ವಿಮಾನ ಹೊತ್ತಿಗೆ ಸರಿಯಾಗಿಯೇ ಹೊರಟಿತು. ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆಯ ಮೇಲೆ ಮೋಡದೊಳಗೆ ಸುತ್ತತೊಡಗಿತು. ಒಮ್ಮೆ ಇಳಿಯುತ್ತಾ ಬಂತು, ಚಕ್ರ ಬಿಚ್ಚಿಕೊಂಡ ಸದ್ದೂ ಕೇಳಿತು. ಕಿಟಕಿಯಾಚೆ ಬರೀ ಬಿಳುಪು. ಅಷ್ಟರಲ್ಲಿ ಎಂಜಿನ್ ಅಬ್ಬರಿಸಿ ಮತ್ತೆ ಮೇಲೆದ್ದಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು “ಬಂತಾ, ಬಂತಾ” ಎಂದು ಕೇಳುತ್ತಲೇ ಇದ್ದರು. ಕೊನೆಗೆ ನಾವು ಇಳಿದದ್ದು ದೇವನಹಳ್ಳಿಯಲ್ಲೇ. ಅಲ್ಲಿಂದ ರಸ್ತೆ ಹಿಡಿದರೆ ಕತ್ತಲಾಗುತ್ತಿತ್ತು. ಊರಿನವರು ಇನ್ನು ಕಾಯುವಂತಿರಲಿಲ್ಲ. ಅಮ್ಮನಿಗೆ ಅಣ್ಣನ ಮುಖ ಸಿಗಲಿಲ್ಲ.

ಪೈಲಟ್ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಮಂಗಳೂರಿನದು ಗುಡ್ಡದ ತಲೆ ಸವರಿ ಮಾಡಿದ ರನ್‌ವೇ, ಅದರಾಚೆ ಕಣಿವೆ. 2010ರ ಮೇ 22ರಂದು ಅಲ್ಲಿ 158 ಜನ ಸತ್ತದ್ದನ್ನು ಕರಾವಳಿಯವರು ಯಾರೂ ಮರೆತಿಲ್ಲ. ಕಣ್ಣಿಗೆ ರನ್‌ವೇ ಕಾಣದಿದ್ದರೆ ವಾಪಸ್ ಬರುವುದೇ ಸರಿ. ನನ್ನ ಸಿಟ್ಟೆಲ್ಲ ಆ ‘ಮುಕ್ಕಾಲು ಗಂಟೆ’ಯ ಮೇಲೆ, ಅದನ್ನು ಹೇಳಿ ಟಿಕೆಟ್ ಮಾರುವವರ ಮೇಲೆ.

ಆ ಲೆಕ್ಕ ಹೇಗೆ ಹುಟ್ಟುತ್ತದೆ ಗೊತ್ತೇ? ನಕ್ಷೆಯ ಮೇಲೆ ಎರಡು ನಗರಗಳ ನಡುವೆ ನೇರ ಗೆರೆ ಎಳೆದು, ಅದನ್ನು ಗಂಟೆಗೆ ಸುಮಾರು 800 ಕಿಲೋಮೀಟರಿನಿಂದ ಭಾಗಿಸಿ, ಏರಲು ಇಳಿಯಲು ಒಂದಿಷ್ಟು ಸೇರಿಸುತ್ತಾರೆ. ಆದರೆ ಈ ಮಾರ್ಗದಲ್ಲಿ ಎಟಿಆರ್ ಎಂಬ, ಪ್ರೊಪೆಲ್ಲರ್ ಇರುವ ಚಿಕ್ಕ ವಿಮಾನಗಳೂ ಹಾರುತ್ತವೆ. ಅವುಗಳ ವೇಗ ಗಂಟೆಗೆ ಸುಮಾರು 500 ಕಿಲೋಮೀಟರು ಮಾತ್ರ. ವಿಮಾನ ರನ್‌ವೇವರೆಗೆ ತೆವಳುವ ಹೊತ್ತು, ಇಳಿಯಲು ಸರದಿ ಕಾಯುವ ಹೊತ್ತು ಆ ಲೆಕ್ಕದಲ್ಲಿ ಬರುವುದಿಲ್ಲ. ಬನಶಂಕರಿಯಿಂದ ದೇವನಹಳ್ಳಿಗೆ ಹೋಗುವ ಹೊತ್ತಂತೂ ಇಲ್ಲವೇ ಇಲ್ಲ. ಚೆಕ್‌-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ಇನ್ನೊಂದು ಮಾತು. ಪುತ್ತೂರು, ಉಪ್ಪಿನಂಗಡಿ, ಸುಳ್ಯದ ಕಡೆಯವರಿಗೆ ಮಂಗಳೂರು ಊರಿನಿಂದಾಚೆಗಿನ ಜಾಗ. ಶಿರಾಡಿ ಇಳಿದು ಬಂದರೆ ಉಪ್ಪಿನಂಗಡಿ ಮೊದಲೇ ಸಿಗುತ್ತದೆ. ವಿಮಾನದಲ್ಲಿ ಹೋದರೆ ಊರು ದಾಟಿ ಹೋಗಿ, ಬಜ್ಪೆಯಿಂದ 50 ಕಿಲೋಮೀಟರಿಗೂ ಹೆಚ್ಚು ಹಿಂದಕ್ಕೆ ಬರಬೇಕು. ಆ ನಸುಕಿನಲ್ಲೇ ಕಾರು ಹೊರಟಿದ್ದರೆ ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿರುತ್ತಿದ್ದೆವು.

ಶಿರಾಡಿಯಲ್ಲೂ ಗುಡ್ಡ ಕುಸಿಯುತ್ತದೆ, ನಿಜ. ಆದರೆ ರಸ್ತೆ ಬಂದ್ ಆಗಿದೆಯೇ ಎಂದು ಹೊರಡುವ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಬಹುದು, ಚಾರ್ಮಾಡಿಯನ್ನೋ ಬಿಸಿಲೆಯನ್ನೋ ನೋಡಬಹುದು. ವಿಮಾನದಲ್ಲೇ ಹೋಗುವುದಾದರೆ ಬಜ್ಪೆಯಲ್ಲಿ ಈಗ ಮಳೆ ಹೇಗಿದೆ, ಬೆಳಗಿನ ವಿಮಾನಗಳು ಇಳಿದಿವೆಯೇ ಎಂದು ಅಲ್ಲಿನ ಪರಿಚಿತರನ್ನು ಮೊದಲು ಕೇಳಿ. ಇಳಿಯಲಾಗದೆ ವಾಪಸ್ ಬಂದು ಹಾರಾಟ ರದ್ದಾದರೆ, ಬದಲಿ ವಿಮಾನ ಬೇಡವೆಂದವರಿಗೆ ಟಿಕೆಟ್ ಹಣ ಹಿಂದಿರುಗಿಸಬೇಕು. ಹವಾಮಾನದ ಕಾರಣವಾದ್ದರಿಂದ ಪರಿಹಾರ ಸಿಗುವುದಿಲ್ಲ. ಕೌಂಟರ್ ಬಿಟ್ಟು ಹೊರಡುವ ಮೊದಲೇ ಹಣ ವಾಪಸಾತಿಯನ್ನು ಲಿಖಿತವಾಗಿ ಪಡೆದುಕೊಳ್ಳಿ.