ಎಚ್‌ಟಿಬಿನಾ, ಕೇಕಾ? ಒಂದೇ ಲೈನಿನಲ್ಲಿ ಎರಡನ್ನೂ ಹಾಕಿ ನೋಡಿದೆ

ಎಚ್‌ಟಿಬಿ, ಕೇಕ್ ಎರಡೂ ರೌಟರ್‌ನಲ್ಲಿ ಯಾವ ಡೇಟಾ ಮೊದಲು ಹೋಗಬೇಕು ಅಂತ ಸಾಲು ನಿಭಾಯಿಸುವ ವಿಧಾನಗಳು. ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಆಫೀಸಿನ ನೆಟ್ ನಾನೇ ನೋಡಿಕೊಳ್ಳುತ್ತೇನೆ. 50 ಎಂಬಿಪಿಎಸ್ ಲೈನು. ಸಂಜೆ ಮಾಲಿನ ಫೋಟೋಗಳನ್ನು ಅಪ್‌ಲೋಡ್‌ಗೆ ಹಾಕಿದರೆ ಸಾಕು, ನೆಟ್ ಮೇಲೆ ನಡೆಯುವ ಟೇಬಲ್ ಫೋನಿನ ದನಿ ತುಂಡು ತುಂಡಾಗುತ್ತಿತ್ತು. ‘ದೊಡ್ಡ ಪ್ಲಾನ್ ಹಾಕಿಸೋಣ ಬಿಡಪ್ಪ’ ಅಂದರು ಮಾಲೀಕರು. ಆದರೆ ಜಿ.711 ಎಂಬ ದನಿಯ ಕೋಡಿಂಗ್ ಬಳಸುವ ಕಾಲ್ ಒಂದಕ್ಕೆ ಬೇಕಾಗೋದು ಒಂದು ಕಡೆಗೆ ಸುಮಾರು 90 ಕೆಬಿಪಿಎಸ್ ಅಷ್ಟೇ. ಫೋಟೋಗಳ ಹಿಂದೆ ಸರದಿಯಲ್ಲಿ ನಿಂತು ಕಾಯೋದೇ ತೊಂದರೆ.

ಮೊದಲು ಮೈಕ್ರೋಟಿಕ್ ರೌಟರ್‌ನಲ್ಲಿ ಎಚ್‌ಟಿಬಿ, ಅಂದರೆ ಒಂದೊಂದು ಸಾಲಿಗೆ ಇಷ್ಟು ವೇಗ ಅಂತ ಎತ್ತಿಡುವ ವಿಧಾನ. ಡಿಎಸ್‌ಸಿಪಿ 46 ಗುರುತಿರುವ (ಫೋನಿನ ದನಿಗೆ ಸಾಮಾನ್ಯವಾಗಿ ಹಾಕುವ ಗುರುತು ಇದು) ಪ್ಯಾಕೆಟ್‌ಗಳಿಗೆ, ಅಂದರೆ ಡೇಟಾದ ತುಂಡುಗಳಿಗೆ, 2 ಎಂಬಿಪಿಎಸ್ ಎತ್ತಿಟ್ಟೆ. ಆ ಸಾಲಿನ ಪ್ಯಾಕೆಟ್ ಎಣಿಸುವ ಕೌಂಟರ್ ಅಲುಗಾಡಲೇ ಇಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು, ರೌಟರ್‌ನ ಕೆಲಸ ಹಗುರ ಮಾಡುವ ಫಾಸ್ಟ್‌ಟ್ರ್ಯಾಕ್ ಆನ್ ಇದ್ದರೆ ಪ್ಯಾಕೆಟ್‌ಗಳು ಫೈರ್‌ವಾಲ್ ದಾಟದೇ ಪಕ್ಕದಿಂದ ಹೋಗಿಬಿಡುತ್ತವೆ, ರೌಟರ್ ಅವನ್ನು ಗುರುತಿಸೋದೇ ಇಲ್ಲ. ಅದನ್ನು ತೆಗೆದ ಕೂಡಲೇ ಟೇಬಲ್ ಫೋನ್ ಸ್ಪಷ್ಟ. ಆದರೆ ಮೊಬೈಲಿನ ವಾಟ್ಸಾಪ್ ಕಾಲ್ ಹಾಗೇ ಒದ್ದಾಡುತ್ತಿತ್ತು, ಅದಕ್ಕೆ ನಾನು ರೂಲ್ ಬರೆದಿರಲಿಲ್ಲ.

ಆಮೇಲೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ರೌಟರ್ ಸಾಫ್ಟ್‌ವೇರ್‌ನಲ್ಲಿ ಕೇಕ್. ಲಿನಕ್ಸ್ ಕರ್ನಲ್ 4.19ರಲ್ಲಿ, ಅಂದರೆ 2018ರಲ್ಲಿ ಸೇರಿದ್ದು ಇದು. ಲೈನಿನ ವೇಗ ಎಷ್ಟು ಅಂತ ಬರೆದೆ, ಅಷ್ಟೇ. ಯಾವ ಕಾಲ್, ಯಾವ ಫೋಟೋ ಅಂತ ಹೇಳೋದೇ ಬೇಡ, ಪ್ರತಿ ಕನೆಕ್ಷನ್ನಿಗೂ ಬೇರೆ ಸಾಲು ಮಾಡಿ, ಕಡಿಮೆ ಕಳಿಸುವವರನ್ನು ಮೊದಲು ಬಿಡುತ್ತದೆ. ಅಪ್‌ಲೋಡ್ ನಡೆಯುವಾಗಲೇ 200 ಮಿಲಿಸೆಕೆಂಡ್ ದಾಟುತ್ತಿದ್ದ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಸಮಯ) 20ರೊಳಗೆ ಬಂತು. ವಾಟ್ಸಾಪ್ ಕಾಲೂ ಸರಿಯಾಯಿತು. ನನಗೆ ನಿಜವಾಗಿ ಖುಷಿಯಾಯಿತು. ಆದರೆ ‘ಫೋನಿಗೆ ಇಷ್ಟು ಎಂಬಿಪಿಎಸ್ ಗ್ಯಾರಂಟಿ’ ಅಂತ ಇಲ್ಲಿ ಸಂಖ್ಯೆ ಬರೆದಿಡೋಕೆ ಆಗಲ್ಲ. ಸಿಪಿಯು ಕೂಡ ಜಾಸ್ತಿ ತಿನ್ನುತ್ತದೆ, ಹಳೇ ರೌಟರ್ ದೊಡ್ಡ ಲೈನಿನಲ್ಲಿ ಸುಸ್ತಾಗುತ್ತದೆ.

ಒಂದು ಮಾತು ಎರಡಕ್ಕೂ ಬೇಕು. ವೇಗ 50 ಅಂತ ಕೊಡಬೇಡಿ, 45 ಕೊಡಿ. ಪೂರ್ತಿ ಕೊಟ್ಟರೆ ಸಾಲು ಮೋಡೆಮ್‌ನಲ್ಲಿ ಬೆಳೆಯುತ್ತದೆ, ಅಲ್ಲಿ ನಿಮ್ಮ ರೂಲ್ ನಡೆಯಲ್ಲ. ನಿಮ್ಮ ಡಿಎಸ್‌ಸಿಪಿ ಗುರುತನ್ನು ಆಚೆಯ ಇಂಟರ್ನೆಟ್ ಕಂಪನಿಯವರು ಗೌರವಿಸಲೇಬೇಕು ಅಂತಲೂ ಇಲ್ಲ.

ಗಂಗಾವತಿಯ ರೈಸ್ ಮಿಲ್ ಒಂದರಲ್ಲಿ 4ಜಿ ಲೈನಿಗೆ ಎರಡನ್ನೂ ಹಾಕಿದ್ದೆ. ವೇಗವೇ ಏರಿಳಿಯುವಾಗ 2 ಎಂಬಿಪಿಎಸ್ ಗ್ಯಾರಂಟಿಗೆ ಅರ್ಥ ಉಳಿಯಲಿಲ್ಲ. ಕೇಕಿಗೂ ತೀರಾ ಕಡಿಮೆ ವೇಗ ಬರೆದಾಗಲೇ ಕಾಲ್ ತುಂಡಾಗದೆ ನಡೆಯಿತು.

ಬಳ್ಳಾರಿಯಲ್ಲಿ ಈಗ ಮೇಲೆ ಎಚ್‌ಟಿಬಿ, ಒಳಗಿನ ಸಾಲುಗಳಿಗೆ ಕೇಕಿನ ಹಾಗೇ ಕನೆಕ್ಷನ್ನುಗಳನ್ನು ಬೇರೆ ಸಾಲು ಮಾಡುವ ಎಫ್‌ಕ್ಯೂ-ಕೋಡೆಲ್. ನೋಡಿಕೊಳ್ಳುವವರಿಲ್ಲದ ಅಂಗಡಿ, ಮನೆಗಳಿಗೆ ಬರೀ ಕೇಕ್ ಹಾಕಿ ಬರುತ್ತೇನೆ.