ಮಳೆಗಾಲದ ಕಾರ್ಡನ್ನು ಕವರಿಗೆ ಹಾಕಿಡಬೇಡಿ: ನನ್ನ 150 ಮದುವೆ ಕಾರ್ಡುಗಳ ಕಥೆ

ಮೊದಲೇ ವಿಷಯ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಕೈಯಿಂದ ಮಾಡಿದ ಕಾರ್ಡನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಅಂಟಿಸಿ, ಬೀರುವಿನಲ್ಲಿ ಇಡಬೇಡಿ. ನಾನು 150 ಮದುವೆ ಕಾರ್ಡುಗಳನ್ನು ಹಾಗೆ ಇಟ್ಟೆ. ಎಂಟು ವಾರ ಕಳೆದು ತೆಗೆದಾಗ ಒಣಹೂವಿನ ಮೇಲೆ ಹತ್ತಿ ಅಂಟಿಸಿದ ಹಾಗೆ ಬೂಷ್ಟು ಬೆಳೆದಿತ್ತು. ಅದನ್ನು ತೆಗೆದು ನೋಡಿದ್ದು ನಾನಲ್ಲ, ಮದುಮಗಳ ಮನೆಯವರು. ಅದೂ ನೆಂಟರೆಲ್ಲ ಸುತ್ತ ಕೂತಿದ್ದಾಗ.

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಕಾರ್ಡ್ ಮಾಡುವುದು ನನಗೆ ಏಳೆಂಟು ವರ್ಷದ ಹುಚ್ಚು. ಮಗನ ಹುಟ್ಟುಹಬ್ಬಕ್ಕೆ ಒಂದು ಪಾಪ್‌ಅಪ್ ಕಾರ್ಡ್ ಮಾಡಿದ್ದರಿಂದ ಶುರುವಾಯಿತು. ಆಮೇಲೆ ಸ್ಟೆನ್ಸಿಲ್, ಉಬ್ಬು ಚಿತ್ರ ಮೂಡಿಸುವ ಟೆಕ್ಸ್ಚರ್ ಪೇಸ್ಟ್, ಬಿಸಿಗೆ ಕರಗಿ ಉಬ್ಬಕ್ಷರವಾಗುವ ಎಂಬಾಸಿಂಗ್ ಪೌಡರ್, ಅದನ್ನು ಕರಗಿಸುವ ಹೀಟ್ ಗನ್ ಅಂತ ಒಂದೊಂದೇ ಬಂದು ಒಂದು ರೂಮು ತುಂಬಿತು. ಈ ಮಿಕ್ಸೆಡ್ ಮೀಡಿಯಾ ಅಂದ್ರೆ ಎಂತ ಎಂದು ಒಮ್ಮೆ ಅತ್ತೆ ಕೇಳಿದರು. "ಕಾಗದ, ಬಣ್ಣ, ಬಟ್ಟೆ, ದಾರ, ಎಲೆ, ಹೂವು ಎಲ್ಲ ಒಂದೇ ಕಾರ್ಡಿನಲ್ಲಿ ಹಾಕೋದು ಅತ್ತೆ" ಎಂದೆ. "ಓ, ಕೂಟು" ಎಂದರು. ಸರಿಯಾಗಿಯೇ ಹೇಳಿದರು. ಕೂಟು ಹಳಸುತ್ತದೆ ಎನ್ನುವುದು ಮಾತ್ರ ನನಗೆ ಆಗ ಹೊಳೆಯಲಿಲ್ಲ.

ಮೇ ಕೊನೆಗೆ ವಿರಾಜಪೇಟೆ ಕಡೆಯ ಪರಿಚಯದವರೊಬ್ಬರು ಫೋನ್ ಮಾಡಿದರು. ಡಿಸೆಂಬರಿನಲ್ಲಿ ಮಗಳ ಮದುವೆ. ಪ್ರಿಂಟಿನ ಕಾರ್ಡ್ ಊರಿಗೆಲ್ಲ ಉಂಟು, ಹತ್ತಿರದವರಿಗೆ ಕೊಡಲು 150 ಕಾರ್ಡ್ ಕೈಯಲ್ಲೇ ಮಾಡಿಕೊಡಬೇಕು ಎಂದರು. ಒಂದಕ್ಕೆ 120 ರೂಪಾಯಿ ಎಂದು ಮಾತಾಯಿತು. 9,000 ರೂಪಾಯಿ ಮುಂಗಡ ಬಂತು. "ಕಾರ್ಡ್ ಕೈಗೆ ತಗೊಂಡ ಕೂಡಲೇ ಕೊಡಗಿನ ವಾಸನೆ ಬರ್ಬೇಕು" ಎಂದಿದ್ದರು ಆ ಆಂಟಿ. ಬಂತು ಬಿಡಿ.

ನನ್ನ ಪ್ಲಾನ್ ಹೀಗಿತ್ತು. 300 ಜಿಎಸ್‌ಎಂನ ದಪ್ಪ ಕಾಗದವನ್ನು ಕಾಫಿ ಡಿಕಾಕ್ಷನ್‌ನಲ್ಲಿ ಅದ್ದಿ ಹಳೆಯ ಕಾಗದದ ಬಣ್ಣ ತರುವುದು. ಮುಂದೆ ಒಂದು ಮೂಲೆಯಲ್ಲಿ ಟೆಕ್ಸ್ಚರ್ ಪೇಸ್ಟಿನಲ್ಲಿ ಕಾಫಿ ಎಲೆಯ ಸ್ಟೆನ್ಸಿಲ್. ಅದರ ಮೇಲೆ ಪುಸ್ತಕದಲ್ಲಿಟ್ಟು ಒಣಗಿಸಿದ ಜರಿಗಿಡದ ಎಲೆ, ಸಣ್ಣ ಹೂವು. ಅಂಚಿಗೆ ಸ್ವಲ್ಪ ಚಿನ್ನದ ರೇಕು, ಒಂದು ಸುತ್ತು ಸೆಣಬಿನ ದಾರ, ಅದಕ್ಕೊಂದು ಪುಟ್ಟ ಲೋಹದ ಗೆಜ್ಜೆ. ಹೆಸರು ಮಾತ್ರ ಎಂಬಾಸಿಂಗ್ ಪೌಡರಿನಲ್ಲಿ. ಎಲೆ ಅಂಟಿಸಲು ಮನೆಯಲ್ಲೇ ಕಾಯಿಸಿದ ಮೈದಾ ಅಂಟು. ಅದು ಎಲೆಯ ಮೇಲೆ ಹೊಳಪು ಬಿಡುವುದಿಲ್ಲ, ನೋಡಲು ಚಂದ.

ಈಗ ಈ ಪಟ್ಟಿಯನ್ನು ಬೂಷ್ಟಿನ ಕಣ್ಣಿನಿಂದ ಓದಿ ನೋಡಿ. ಡಿಕಾಕ್ಷನ್, ಮೈದಾ, ಎಲೆ, ಹೂವು, ಸೆಣಬು. ಊಟ, ಪಲ್ಯ, ಪಾಯಸ ಎಲ್ಲ ಬಡಿಸಿಟ್ಟ ಹಾಗೆ. ಬೇಕಾಗಿದ್ದದ್ದು ತೇವ ಒಂದೇ. ಜುಲೈಯಲ್ಲಿ ನಮ್ಮ ಕಡೆ ಅದಕ್ಕೇನು ಬರ?

ಕಾಗದ ತರಿಸಿದ್ದು ಆನ್‌ಲೈನ್. ಆ್ಯಸಿಡ್ ಇಲ್ಲದ, ನೂರು ವರ್ಷ ಬಾಳುವ ಕಾಗದ ಎಂದು ಬರೆದಿದ್ದರು. ಜೂನ್ ಎರಡನೇ ವಾರ ಬಂದ ಕಟ್ಟು ತೆಗೆದಾಗಲೇ ಅಂಚುಗಳು ಹಪ್ಪಳದ ಹಾಗೆ ಸುತ್ತಿಕೊಂಡಿದ್ದವು. ಅಂದರೆ ಅವರ ಗೋಡೌನಿನಲ್ಲೋ ದಾರಿಯಲ್ಲೋ ತೇವ ಕುಡಿದೇ ಬಂದಿತ್ತು. ಫೋಟೋ ಕಳಿಸಿದೆ. ಪ್ಯಾಕ್ ಒಡೆದ ಮೇಲೆ ವಾಪಸ್ ಇಲ್ಲ ಎಂದರು. ಒಡೆಯದೆ ಒಳಗಿನ ಕಾಗದ ಹೇಗೆ ನೋಡುವುದು ಅಂತ ಕೇಳಿದ್ದಕ್ಕೆ ಉತ್ತರವಿಲ್ಲ. ಅಷ್ಟಕ್ಕೇ ನಾನು ನಿಲ್ಲಿಸಬೇಕಿತ್ತು. ಬದಲಿಗೆ ಅದೇ ಕಾಗದವನ್ನು ಡಿಕಾಕ್ಷನ್‌ನಲ್ಲಿ ಇನ್ನಷ್ಟು ನೆನೆಸಿದೆ.

ಅದ್ದಿದ ಕಾಗದವನ್ನು ಹಗ್ಗಕ್ಕೆ ಕ್ಲಿಪ್ ಹಾಕಿ, ಫ್ಯಾನ್ ಕೆಳಗೆ ಎರಡು ದಿನ ಒಣಗಿಸಿದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಇಲ್ಲೇ ಎಲ್ಲರೂ ಮೋಸ ಹೋಗುವುದು. ಗಾಳಿಯಲ್ಲೇ ತೇವ ತುಂಬಿದ್ದರೆ ಫ್ಯಾನ್ ಅದೇ ತೇವದ ಗಾಳಿಯನ್ನು ಸುತ್ತಿಸುತ್ತದೆ ಅಷ್ಟೆ. ದಪ್ಪ ಕಾಗದದ ಮೈ ಒಣಗಿದರೂ ಹೊಟ್ಟೆ ಒಣಗಿರುವುದಿಲ್ಲ. ಟೆಕ್ಸ್ಚರ್ ಪೇಸ್ಟೂ ಹಾಗೇ. ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಹಸಿ. ಬೇಸಿಗೆಯಲ್ಲಿ ಒಂದು ರಾತ್ರಿಗೆ ಗಟ್ಟಿಯಾಗುವ ಪೇಸ್ಟು ಆಷಾಢದಲ್ಲಿ ನಾಲ್ಕು ದಿನವಾದರೂ ಉಗುರು ಒತ್ತಿದರೆ ಹೊಂಡ ಬೀಳುತ್ತಿತ್ತು.

ನಾಚಿಕೆಯ ವಿಷಯ ಏನೆಂದರೆ, ನಾನು ಕಾಫಿ ಮನೆಯ ಮಗಳು. ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡುತ್ತಲೇ ಬೆಳೆದವಳು. ಬೀಜ ಮೇಲೆ ಒಣಗಿದ್ದರೆ ಸಾಲದು, ಒಳಗಿನ ತೇವ 10–11 ಪರ್ಸೆಂಟಿಗೆ ಇಳಿಯದೆ ಗೋಣಿಗೆ ತುಂಬಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಪ್ಪ ಹಲ್ಲಿನಲ್ಲಿ ಕಚ್ಚಿಯೇ ಹೇಳುತ್ತಿದ್ದರು, ಈಗ ಮೀಟರ್ ಇದೆ. ಹಸಿ ಕಾಫಿಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆ ಎಂದು ಗೊತ್ತಿದ್ದವಳು ಹಸಿ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಮೂಟೆ ಕಟ್ಟಿದೆ.

ಜುಲೈ ಮೊದಲ ವಾರದ ಹೊತ್ತಿಗೆ 140 ಕಾರ್ಡ್ ಮುಗಿದವು. ಧೂಳು, ಹುಳ ಬರಬಾರದು ಎಂದು ಒಂದೊಂದನ್ನೂ ಅಂಟುಪಟ್ಟಿ ಇರುವ ಪಾರದರ್ಶಕ ಕವರಿಗೆ ಹಾಕಿ ಮುಚ್ಚಿದೆ. ಹೊರಗಿನ ತೇವ ಒಳಗೆ ಹೋಗುವುದಿಲ್ಲ ಅಲ್ವಾ ಎಂಬ ಲೆಕ್ಕ. ಒಳಗಿನ ತೇವವೂ ಹೊರಗೆ ಬರುವುದಿಲ್ಲ ಎಂಬ ಇನ್ನರ್ಧ ಲೆಕ್ಕ ಮಾಡಲಿಲ್ಲ. ಉಳಿದ ಹತ್ತು ಕಾರ್ಡಿಗೆ ಕಕ್ಕಡ 18ರವರೆಗೆ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನದವರೆಗೆ, ಕಾದೆ. ಅವತ್ತು, ಆಗಸ್ಟ್ 3ಕ್ಕೆ, ಔಷಧಿ ಎಂದು ನಂಬುವ ಮದ್ದು ಸೊಪ್ಪನ್ನು ಪಾಯಸಕ್ಕೆ ಬೇಯಿಸುತ್ತಾರಲ್ಲ, ಬೆಲ್ಲ ಹಾಕುವ ಮೊದಲೇ ಒಂದು ಬಟ್ಟಲು ರಸ ತೆಗೆದಿಟ್ಟು ಆ ನೇರಳೆ ಬಣ್ಣವನ್ನು ಕಾಗದಕ್ಕೆ ಬಳಿದೆ. ಏನು ಬಣ್ಣ ಅಂತೀರಿ! ಮನೆಯವರು ಮಾತ್ರ "ಮದ್ದನ್ನೂ ಬಿಡ್ಲಿಲ್ವಾ" ಎಂದರು. ಆ ಹತ್ತೂ ಕವರಿಗೆ ಹೋದವು. ಎಲ್ಲವನ್ನೂ ಐವತ್ತರ ಕಟ್ಟು ಮಾಡಿ ಪೆಟ್ಟಿಗೆಗೆ ತುಂಬಿ, ಪೆಟ್ಟಿಗೆಯನ್ನು ಬೀರುವಿನ ತಳದಲ್ಲಿಟ್ಟೆ. ಬೀರು ಇರುವುದು ಮಳೆ ಹೊಡೆಯುವ ಕಡೆಯ ಗೋಡೆಗೆ ಒತ್ತಿಕೊಂಡು.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದು ಹಬ್ಬ ಮುಗಿದ ಮೇಲೆ ಪೆಟ್ಟಿಗೆಯನ್ನು ಹಾಗೇ ಎತ್ತಿಕೊಂಡು ಹೋಗಿ ಕೊಟ್ಟೆವು. ತೆಗೆದು ನೋಡಲಿಲ್ಲ. ಕಟ್ಟು ಚಂದ ಇತ್ತು, ರಿಬ್ಬನ್ ಬೇರೆ ಹಾಕಿದ್ದೆ. ಅವರ ಮನೆಯ ಜಗಲಿಯಲ್ಲಿ ಐದಾರು ಜನ ಕೂತಿದ್ದರು. ಮುಚ್ಚಳ ತೆಗೆದರು. ಮೊದಲು ಬಂದದ್ದು ವಾಸನೆ. ಒದ್ದೆ ಗೋಣಿಯನ್ನು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿಟ್ಟರೆ ಬರುತ್ತದಲ್ಲ, ಅದು. ಹೂವಿನ ಮೇಲೆ ಬಿಳಿ ಬೂಷ್ಟು, ಎಲೆಯ ಸುತ್ತ ಹಸಿರು ಬೂಷ್ಟು, ಗೆಜ್ಜೆ ಕಟ್ಟಿದಲ್ಲಿ ತುಕ್ಕಿನ ಕಂದು ಚುಕ್ಕೆ. ಚಿನ್ನದ ರೇಕು ಕಪ್ಪಾಗಿತ್ತು. ನಾವು ಕೊಳ್ಳುವ ಅಗ್ಗದ ರೇಕು ಚಿನ್ನವಲ್ಲ, ತಾಮ್ರ ಮತ್ತು ಸತುವಿನದು, ತೇವಕ್ಕೆ ಬಣ್ಣ ಬಿಡುತ್ತದೆ. ಒಂದೇ ಒಂದು ಕೆಡದೆ ಉಳಿದದ್ದು ಎಂಬಾಸಿಂಗ್ ಪೌಡರಿನ ಅಕ್ಷರ. ಅದು ಕರಗಿ ಗಟ್ಟಿಯಾಗುವ ಪ್ಲಾಸ್ಟಿಕ್, ಬೂಷ್ಟಿಗೆ ಬೇಡ. ಹಾಗಾಗಿ ಬೂಷ್ಟಿನ ನಡುವೆ ವಧೂವರರ ಹೆಸರು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಅಲ್ಲ ಮಾರಾಯ್ತಿ, ಇದು ಯಾರದ್ದಾದ್ರೂ ಹಳೇ ಮದುವೆದಾ?" ಎಂದರು ಅಲ್ಲಿದ್ದ ಒಬ್ಬರು ಅಜ್ಜಿ. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಮನೆಗೆ ತಂದ ಮೇಲೆ ಮಾಡಿದ ತಪ್ಪು ಇನ್ನೂ ದೊಡ್ಡದು, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಹೇಗಾದರೂ ಉಳಿಸೋಣ ಎಂದು ಕ್ರಾಫ್ಟ್ ರೂಮಿನಲ್ಲೇ ಕೂತು, ಕಿಟಕಿ ಮುಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ಬೂಷ್ಟು ಉಜ್ಜಿದೆ. ಅರವತ್ತು ಕಾರ್ಡ್ ಉಜ್ಜುವಷ್ಟರಲ್ಲಿ ಸೀನು ಹತ್ತಿತು. ಮೂರು ದಿನ ಗಂಟಲು ಕೆರೆತ, ಕೆಮ್ಮು. ಬೂಷ್ಟಿನ ಪುಡಿ ಎಂದರೆ ಅದರ ಬೀಜ. ನಾನು ಅದನ್ನು ರೂಮಿಗೆಲ್ಲ ಬಿತ್ತಿದ ಹಾಗಾಯಿತು. ಕಪಾಟಿನಲ್ಲಿದ್ದ ಹೊಸ ಕಾಗದ, ಕ್ಯಾನ್ವಾಸ್, ಬಟ್ಟೆಯ ತುಂಡುಗಳಿಗೂ ಎರಡು ವಾರದಲ್ಲಿ ಅದೇ ಚುಕ್ಕೆ. ಉಬ್ಬಸ ಇರುವವರು ಮನೆಯಲ್ಲಿದ್ದರೆ ಇದು ತಮಾಷೆಯ ಮಾತಲ್ಲ. ಉಜ್ಜಲೇಬೇಕಾದರೆ ಮಾಸ್ಕ್ ಹಾಕಿ, ಬಿಸಿಲು ಬಂದ ದಿನ ಅಂಗಳದಲ್ಲಿ, ಕಾರ್ಡ್ ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಲ್ಲಿ ಉಜ್ಜಬೇಕು. ಹಸಿಯಿದ್ದಾಗ ಉಜ್ಜಿದರೆ ಬೂಷ್ಟು ಕಾಗದದ ಒಳಗೇ ಇಳಿಯುತ್ತದೆ. ಉಜ್ಜಿ ಹೋದರೂ ಅದು ಬಿಟ್ಟ ಕಲೆ ಹೋಗುವುದಿಲ್ಲ. ಬ್ಲೀಚ್ ಹಾಕಿದರೆ ಕಾಗದವೇ ಹಾಳು.

ಆಮೇಲೆ ಇಸ್ತ್ರಿ ಪೆಟ್ಟಿಗೆ ಹಿಡಿದೆ. ಬಿಸಿಗೆ ಬೂಷ್ಟು ಸಾಯಬಹುದು ಎಂದು. ಅಲ್ಲಿಯವರೆಗೆ ಮಾನ ಕಾಪಾಡಿಕೊಂಡಿದ್ದ ಎಂಬಾಸಿಂಗ್ ಅಕ್ಷರ ಕರಗಿ ಇಸ್ತ್ರಿ ಪೆಟ್ಟಿಗೆಗೆ ಅಂಟಿತು. ಮರುದಿನ ಮನೆಯವರ ಬಿಳಿ ಅಂಗಿಯ ಬೆನ್ನ ಮೇಲೆ ಮದುಮಗನ ಹೆಸರಿನ ಅರ್ಧ ಇತ್ತು.

ಮುಂಗಡ ಪೂರ್ತಿ ವಾಪಸ್ ಕೊಟ್ಟೆ. ಸಾಮಾನಿಗೆ ಹಾಕಿದ 6,500 ರೂಪಾಯಿ, ಎರಡು ತಿಂಗಳ ರಾತ್ರಿಗಳು ಹೋದವು. ಆ ಆಂಟಿ ಈಗಲೂ ಸಿಕ್ಕರೆ ಮಾತಾಡುತ್ತಾರೆ, ಕಾರ್ಡಿನ ಮಾತು ಬಿಟ್ಟು.

ಹಾಗಾದರೆ ಏನು ಮಾಡುವುದು? ನಾನು ಈಗ ಮೊದಲು ಮಾಡುವ ಕೆಲಸ ಅಳೆಯುವುದು. ಗಾಳಿಯ ತೇವ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಸಿಗುತ್ತದೆ, ಹೈಗ್ರೋಮೀಟರ್ ಎನ್ನುತ್ತಾರೆ, ಕೆಲವು ನೂರು ರೂಪಾಯಿ. ಅದು 65 ಪರ್ಸೆಂಟಿನ ಮೇಲೆಯೇ ನಿಂತಿದ್ದರೆ ಕಾಗದಕ್ಕೆ ಬೂಷ್ಟಿನ ಭಯ ಉಂಟು. ನಮ್ಮ ಮನೆಯಲ್ಲಿ ಜುಲೈಯಲ್ಲಿ 90 ದಾಟಿದ ದಿನಗಳಿವೆ. ಮುಗಿಸಿದ ಕಾರ್ಡುಗಳಲ್ಲಿ ನಾಲ್ಕೈದನ್ನು ಒಂದು ಜಿಪ್ ಕವರಿನೊಳಗೆ ಈ ಮೀಟರಿನ ಜೊತೆ ಹಾಕಿ ಮುಚ್ಚಿ, ಒಂದು ದಿನ ಬಿಟ್ಟು ನೋಡಿ. ಕಾಗದದ ಹೊಟ್ಟೆಯಲ್ಲಿರುವ ತೇವ ಹೊರಗೆ ಬಂದು ಮೀಟರಿನಲ್ಲಿ ಕಾಣುತ್ತದೆ. 55ರ ಸುತ್ತ ಇದ್ದರೆ ಮಾತ್ರ ನಾನು ಪ್ಯಾಕ್ ಮಾಡುತ್ತೇನೆ. ಅಪ್ಪ ಕಾಫಿ ಕಚ್ಚಿ ನೋಡುತ್ತಿದ್ದರಲ್ಲ, ಇದು ಅದೇ.

ಮೈದಾ ಅಂಟು ಬಿಟ್ಟೆ. ಮೊದಲು ಪುಸ್ತಕ ಬೈಂಡಿಂಗ್ ಮಾಡುವವರು ಅದಕ್ಕೆ ಮೈಲುತುತ್ತ ಸೇರಿಸುತ್ತಿದ್ದರು, ನೀನೂ ಸೇರಿಸು ಎಂದು ಒಬ್ಬರು ಹೇಳಿದರು. ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ, ನಿಜ. ಆದರೆ ಅದು ವಿಷ. ಮಕ್ಕಳ ಕೈಗೆ ಹೋಗುವ ಕಾರ್ಡಿಗೆ ಬೇಡವೇ ಬೇಡ. ಮಳೆಗಾಲಕ್ಕೆ ನೀರೇ ಇಲ್ಲದ ಅಂಟು ಒಳ್ಳೆಯದು: ಡಬಲ್ ಸೈಡ್ ಟೇಪ್, ಫೋಮ್ ಟೇಪ್. ಕಾಫಿಯಲ್ಲಿ ಅದ್ದುವುದನ್ನೂ ನಿಲ್ಲಿಸಿದೆ. ಡಿಕಾಕ್ಷನ್ನಿಗೆ ಹುಳಿ ಗುಣ ಇರುವುದರಿಂದ ಆ್ಯಸಿಡ್ ಇಲ್ಲದ ಕಾಗದಕ್ಕೆ ದುಡ್ಡು ಕೊಟ್ಟದ್ದೂ ದಂಡ. ಅದೇ ಬಣ್ಣ ಬೇಕಾದರೆ ಇಂಕ್ ಪ್ಯಾಡನ್ನು ಸ್ಪಂಜಿನಲ್ಲಿ ಒಣಗಿದ ಹಾಗೇ ಉಜ್ಜಿದರೆ ಸಾಕು. ಹೂವು, ಎಲೆ ಒತ್ತಿಡುವ ಕೆಲಸ ಫೆಬ್ರವರಿ, ಮಾರ್ಚಿನಲ್ಲೇ ಮುಗಿಯಬೇಕು.

ಕಾಗದ ಇಡಲು ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ. ಕಿತ್ತಳೆ ಬಣ್ಣದ ಜೆಲ್ ತಗೊಳ್ಳಿ. ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ತೇವ ಹೀರಿದ ಮೇಲೆ ಒಣಗಿಸಲೆಂದು ಅಡುಗೆಮನೆಯ ಓವನ್‌ನಲ್ಲಿ ಬಿಸಿ ಮಾಡುವಂಥದ್ದಲ್ಲ. ಬೀರುವಿನೊಳಗೆ ಬಲ್ಬ್ ಉರಿಸುವ ನಮ್ಮ ಹಳೆಯ ಉಪಾಯ ಈಗಲೂ ಸರಿ, ಆದರೆ ಅದಕ್ಕೆ ಹಳೆಯ 40 ವ್ಯಾಟ್ ಬಲ್ಬೇ ಬೇಕು. ಎಲ್‌ಇಡಿ ಹಾಕಿದರೆ ಬೆಳಕು ಬರುತ್ತದೆ, ಬಿಸಿ ಸಾಕಾಗುವುದಿಲ್ಲ. ಕಾಗದಕ್ಕೆ ತಾಗದ ಹಾಗೆ ದೂರ ಇಡಿ, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆಯಿರಿ.

ರೆಸಿನ್, ಅಂದರೆ ಅಚ್ಚಿಗೆ ಸುರಿದರೆ ಗಾಜಿನ ಹಾಗೆ ಗಟ್ಟಿಯಾಗುವ ದ್ರವ, ಬಳಸುವವರಿಗೂ ಒಂದು ಮಾತು. ಅದೇ ಮದುವೆಗೆ ಮಾದರಿಗೆಂದು ಎಪಾಕ್ಸಿ ರೆಸಿನ್‌ನಲ್ಲಿ ಕೀ ಗೊಂಚಲು ಮಾಡಿದ್ದೆ. ಚಳಿ, ತೇವ ಎರಡೂ ಸೇರಿ ಮೇಲೆ ಮಂಜು ಕಟ್ಟಿದ ಹಾಗೆ ಮಬ್ಬು, ಮುಟ್ಟಿದರೆ ಜಿಗುಟು. ಗ್ಲೌಸ್ ಇಲ್ಲದೆ ಅದನ್ನು ಒರೆಸಬೇಡಿ. ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಸ್ವಲ್ಪ ತಾಗಿದರೂ ತುರಿಕೆ ಬರುತ್ತದೆ.

ಈ ವರ್ಷ ಮೇ ತಿಂಗಳಲ್ಲೇ ಒಳ್ಳೆಯ ಕಾಗದವನ್ನೆಲ್ಲ ಕಟ್ಟಿ ಕುಶಾಲನಗರದ ಅಕ್ಕನ ಮನೆಗೆ ಕಳಿಸಿದೆ. ಅಲ್ಲಿ ನಮ್ಮಷ್ಟು ಮಳೆ ಇಲ್ಲ. "ಎಲ್ಲರೂ ಮಳೆಗಾಲಕ್ಕೆ ಮಕ್ಕಳನ್ನ ಕಳಿಸ್ತಾರೆ, ನೀನು ಕಾಗದ ಕಳಿಸ್ತೀಯ" ಎಂದು ಅಕ್ಕ ನಕ್ಕಳು. ಕಳೆದ ವಾರ ಒಬ್ಬರು ಆಗಸ್ಟಿಗೆ 80 ಕಾರ್ಡ್ ಕೇಳಿದರು, ಮುಂಗಡವನ್ನೂ ಈಗಲೇ ಕಳಿಸುತ್ತೇವೆ ಎಂದರು. ಮೀಟರಿನ ಮುಂದೆ ನಿಂತೇ ಫೋನಿನಲ್ಲಿ ಮಾತಾಡಿದೆ. 88 ತೋರಿಸುತ್ತಿತ್ತು. ಮಳೆ ಮುಗಿದು ಬರುವ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಆದರೆ ಮಾಡಿಕೊಡುತ್ತೇನೆ ಎಂದೆ.